ಗರಡಿ ಸಾಮು ಮತ್ತು ನಡುವಿನ ಬಲ

ಗರಡಿ ಸಾಮು ಎಂದರೆ ಗರಡಿ ಮನೆಗಳಲ್ಲಿ ಪೈಲ್ವಾನರು ಹೊಟ್ಟೆ, ಪಕ್ಕೆ, ಸೊಂಟ, ಕೆಳಬೆನ್ನು ಮತ್ತು ನಿತಂಬಗಳನ್ನು ಗಟ್ಟಿಗೊಳಿಸಲು ನಡೆಸಿಕೊಂಡು ಬಂದ ಕಸರತ್ತುಗಳ ಕ್ರಮ. ಇಂದಿನ ತರಬೇತುದಾರರು ಕೋರ್ ಎಂದು ಕರೆಯುವುದು ಈ ನಡುಭಾಗವನ್ನೇ. ದಾವಣಗೆರೆ, ಹರಿಹರ, ಹೊನ್ನಾಳಿ ಸೀಮೆಯಲ್ಲೂ ನಲ್ಲೂರು ಸೇರಿದಂತೆ ಚನ್ನಗಿರಿಯ ಅಡಿಕೆ ನಾಡಿನಲ್ಲೂ ಬಯಲು ಕುಸ್ತಿ ಜಾತ್ರೆಯ ಜೊತೆಗೇ ಬರುವ ಆಟ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿ ಹೆಸರಾದುದು. ಬೆಳ್ಳಿ ಕಡಗ, ಬೆಳ್ಳಿ ಗದೆಗಳ ಆಸೆಗೆ ತಿಂಗಳುಗಟ್ಟಲೆ ಸಾಮು ತೆಗೆಯುವವರು ಈಗಲೂ ಇದ್ದಾರೆ.

ಇಂಥ ತಾಲೀಮು ಕನ್ನಡ ನಾಡಿಗೆ ಹೊಸತಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವಿನೋದಕ್ಕೆ ಪ್ರತ್ಯೇಕ ಭಾಗವೇ ಇದೆ. ಭಾರ ಎತ್ತುವುದು, ನಡಿಗೆ, ನೀರಿನಲ್ಲಿ ಮಾಡುವ ಶ್ರಮ, ತೋಳಿನ ಶ್ರಮ, ಕಂಬದ ಶ್ರಮ ಎಂದು ಅಲ್ಲಿ ವ್ಯಾಯಾಮಗಳನ್ನು ವಿಂಗಡಿಸಲಾಗಿದೆ. ಮಲ್ಲರನ್ನು ವಯಸ್ಸು, ಬಲಗಳ ಪ್ರಕಾರ ಬೇರೆ ಬೇರೆ ದರ್ಜೆಗೆ ಸೇರಿಸಿದ್ದೂ ಗಮನಾರ್ಹ. ಎಲ್ಲರಿಗೂ ಒಂದೇ ಲೆಕ್ಕದ ಕಸರತ್ತು ಹೇಳುವ ಇಂದಿನ ಕೆಲವು ಜಿಮ್‌ಗಳಿಗಿಂತ ಆ ಗ್ರಂಥ ಈ ವಿಷಯದಲ್ಲಿ ಮುಂದಿತ್ತು.

ಗರಡಿಯ ಮುಖ್ಯ ಸಾಮುಗಳು ದಂಡ, ಬಸ್ಕಿ, ಗದೆ ಮತ್ತು ಕರೇಲ (ಮರದ ದಪ್ಪ ಸಾಧನ) ತಿರುಗಿಸುವುದು, ಹಗ್ಗ ಹತ್ತುವುದು, ಗುಂಡುಕಲ್ಲು ಎತ್ತುವುದು. ಇವುಗಳಲ್ಲಿ ನಡುವಿಗೆ ಹೆಚ್ಚಿನ ಕೆಲಸ ಕೊಡುವುದು ಕರೇಲ, ನೋಡುವವರ ಕಣ್ಣು ಮಾತ್ರ ತೋಳಿನ ಮೇಲೇ ಇರುತ್ತದೆ. ಕಾಲು ಅಗಲಿಸಿ ನಿಂತ ಪೈಲ್ವಾನ ಮರದ ದಪ್ಪ ಕರೇಲವನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು ಭುಜದ ಮೇಲಿಂದ ಬೆನ್ನ ಹಿಂದಕ್ಕೆ ಬಿಡುತ್ತಾನೆ. ಅದು ಬೆನ್ನಿನ ಹಿಂದೆ ತೂಗಿ ಇನ್ನೊಂದು ಬದಿಯಿಂದ ಮುಂದಕ್ಕೆ ಬರುವಷ್ಟರಲ್ಲಿ ಅದರ ಭಾರ ಮೈಯನ್ನು ಹಿಂದಕ್ಕೂ ಪಕ್ಕಕ್ಕೂ ಎಳೆಯುತ್ತದೆ. ಆ ಎಳೆತಕ್ಕೆ ಸೊಂಟ ಹೊಯ್ದಾಡದಂತೆ ತಡೆಯುವವು ಹೊಟ್ಟೆಯ ಓರೆ ಸ್ನಾಯುಗಳು, ಬೆನ್ನುಮೂಳೆಗೆ ಅಂಟಿದ ಆಳದ ಸ್ನಾಯುಗಳು ಮತ್ತು ನಿತಂಬ. ಪಕ್ಕೆಲುಬು ಮುಂದಕ್ಕೆ ಉಬ್ಬಿ ಕೆಳಬೆನ್ನು ಕಮಾನಾಯಿತೆಂದರೆ ಕರೇಲ ಅವನಿಗೆ ಭಾರವಾಯಿತೆಂದೇ ಅರ್ಥ. ಅಂಥವನಿಗೆ ಹಗುರವಾದದ್ದು ಕೊಡಬೇಕು.

ಈ ನಡುವಿನ ಬಲ ಕುಸ್ತಿಯ ಪಟ್ಟುಗಳಲ್ಲಿ ಕೆಲಸಕ್ಕೆ ಬರುತ್ತದೆ. ಧೋಬಿ ಪಟ್ಟಿನಲ್ಲಿ ಎದುರಾಳಿಯ ತೋಳನ್ನು ಹೆಗಲಿಗೆ ಎಳೆದುಕೊಂಡು, ತಿರುಗಿ, ಸೊಂಟದ ಮೇಲಿಂದ ಮಣ್ಣಿಗೆ ಕೆಡವುವ ಬಲ ಹುಟ್ಟುವುದು ನೆಲಕ್ಕೆ ಊರಿದ ಪಾದದಲ್ಲಿ. ಅದು ತೋಳಿಗೆ ತಲುಪಬೇಕಾದರೆ ನಡು ಬಿಗಿಯಾಗಿರಬೇಕು, ಸಡಿಲವಾದರೆ ದಾರಿಯಲ್ಲೇ ಸೋರಿಹೋಗುತ್ತದೆ. ಗ್ರೀಕೋ-ರೋಮನ್ ಕುಸ್ತಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲವಾದ್ದರಿಂದ ಈ ಬಿಗಿ ಇನ್ನೂ ಮುಖ್ಯ. 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನ 55 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದ ಕರ್ನಾಟಕದ ಅರ್ಜುನ್ ಹಲಕುರ್ಕಿ ಆಡಿದ್ದು ಇದೇ ಶೈಲಿಯಲ್ಲಿ. ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದ ಲಕ್ರಾಸ್ ಆಟದಲ್ಲೂ ಬಲ ಸಾಗುವ ದಾರಿ ಇದೇ. ಬಲೆ ಕಟ್ಟಿದ ಕೋಲಿನಿಂದ ಚೆಂಡನ್ನು ಬೀಸಿ ಎಸೆಯುವಾಗ ಮೊದಲು ಸೊಂಟ ತಿರುಗುತ್ತದೆ, ಆಮೇಲೆ ಎದೆ, ಕೊನೆಗೆ ತೋಳು. 1904 ಮತ್ತು 1908ರ ಒಲಿಂಪಿಕ್ಸ್‌ನಲ್ಲಿದ್ದ ಆ ಆಟ 2028ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಂಡಕ್ಕೆ ಆರು ಜನರಂತೆ ಮರಳಲಿದೆ. ಅದರ ಆಟಗಾರರಿಗೆ ಕರೇಲದಂಥ ಸಾಧನ ನಿಜಕ್ಕೂ ಒಪ್ಪುವಂಥದು.

ಗರಡಿಯ ಅಪಾಯ ಅದರ ಸಾಧನಗಳಿಗಿಂತ ಹೆಚ್ಚಾಗಿ ಅವನ್ನು ಬಳಸುವ ಹೊತ್ತಿನಲ್ಲೂ ಲೆಕ್ಕದಲ್ಲೂ ಇದೆ. ನಸುಕಿನಲ್ಲಿ ಎದ್ದು ಬಂದವರ ಮೊದಲ ಕೆಲಸ ಗುದ್ದಲಿ ಹಿಡಿದು ಅಖಾಡದ ಮಣ್ಣು ಅಗೆದು ಹದ ಮಾಡುವುದು. ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಉಂಡ ಆ ಕೆಮ್ಮಣ್ಣು ಬೀಳುವವನಿಗೆ ಮೆತ್ತನೆಯ ಹಾಸು, ಅಗೆಯುವವನಿಗೆ ಮಾತ್ರ ಭಾರ. ರಾತ್ರಿ ಮಲಗಿದ್ದಾಗ ಕಶೇರು ಮಣಿಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ; ಬೆಳಿಗ್ಗೆ ನಮ್ಮ ಎತ್ತರ ಒಂದೆರಡು ಸೆಂಟಿಮೀಟರ್ ಹೆಚ್ಚಿರುವುದು ಇದರಿಂದಲೇ. ಆ ಹೊತ್ತಿನಲ್ಲಿ ಬೆನ್ನು ಬಾಗಿಸಿ ಭಾರ ಎತ್ತಿದರೆ ಡಿಸ್ಕ್‌ನ ಮೇಲಿನ ಒತ್ತಡ ಹಗಲಿಗಿಂತ ಜಾಸ್ತಿ. ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆ ಓಡಾಡಿ, ಮೈ ಬಿಸಿಯಾದ ಮೇಲೆ ಗುದ್ದಲಿಗೆ ಕೈ ಹಾಕುವುದು ಒಳ್ಳೆಯದು. ಬಾಗುವಾಗ ಬೆನ್ನು ಗೂನಾಗದೆ ಸೊಂಟದ ಕೀಲಿನಿಂದಲೇ ಬಾಗಬೇಕು.

ಇನ್ನು ಲೆಕ್ಕದ ಹುಚ್ಚು. ಸಾವಿರ ಬಸ್ಕಿ ಹೊಡೆದೆ ಎನ್ನುವುದು ಪೈಲ್ವಾನರ ನಡುವೆ ದೊಡ್ಡ ಮಾತು. ನಡುವಿನ ಸ್ನಾಯುಗಳಿಗೆ ಬೇಕಾದ್ದು ತಾಳಿಕೆ ನಿಜ, ಆದರೆ ದಣಿದು ಭಂಗಿ ಕೆಟ್ಟ ಮೇಲೆ ಹೊಡೆಯುವ ದಂಡಗಳಲ್ಲಿ ಸೊಂಟ ಜೋತುಬಿದ್ದು ಭಾರವೆಲ್ಲ ಕೆಳಬೆನ್ನಿನ ಕೀಲುಗಳ ಮೇಲೆ ಕೂರುತ್ತದೆ. ಭಂಗಿ ಕೆಟ್ಟಲ್ಲಿಗೆ ಎಣಿಕೆ ನಿಲ್ಲಿಸುವ ಉಸ್ತಾದನೇ ಒಳ್ಳೆಯ ಉಸ್ತಾದ. ಗುಂಡುಕಲ್ಲನ್ನು ಮೈಗೆ ಒತ್ತಿ ಹಿಡಿದು ಎತ್ತಬೇಕು, ಎತ್ತಿಕೊಂಡು ತಿರುಗಬಾರದು. ಕ್ಷಣಕಾಲ ಉಸಿರು ಬಿಗಿಹಿಡಿದರೆ ಹೊಟ್ಟೆಯೊಳಗಿನ ಒತ್ತಡ ಏರಿ ಬೆನ್ನುಮೂಳೆಗೆ ಆಸರೆ ಸಿಗುತ್ತದೆ. ಅದೇ ಬಿಗಿಯಲ್ಲಿ ರಕ್ತದೊತ್ತಡವೂ ಜಿಗಿಯುವುದರಿಂದ ಬಿ.ಪಿ., ಹೃದ್ರೋಗ ಇರುವವರು ಗುಂಡುಕಲ್ಲು ಎತ್ತುವುದರಿಂದ ದೂರವಿರುವುದು ಕ್ಷೇಮ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ ಸ್ಟುವರ್ಟ್ ಮೆಕ್‌ಗಿಲ್ ನಡುವನ್ನು ಗಟ್ಟಿಗೊಳಿಸುವ ಮೂರು ಸರಳ ವ್ಯಾಯಾಮಗಳನ್ನು ಪ್ರಚಾರಕ್ಕೆ ತಂದರು. ಅಂಗಾತ ಮಲಗಿ ತಲೆ, ಭುಜಗಳನ್ನು ನೆಲದಿಂದ ಸ್ವಲ್ಪವೇ ಎತ್ತುವುದು ಒಂದು. ಮೊಣಕೈ ಊರಿ ಪಕ್ಕಕ್ಕೆ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವುದು ಇನ್ನೊಂದು. ಕೈ, ಮೊಣಕಾಲು ಊರಿ ಎದುರುಬದುರಿನ ಕೈಕಾಲು ಚಾಚುವುದು ಮೂರನೆಯದು. ಪ್ರತಿ ಹಿಡಿತ ಸುಮಾರು ಹತ್ತು ಸೆಕೆಂಡು ಸಾಕು. ಅಖಾಡಕ್ಕೆ ಇಳಿಯುವ ಮುನ್ನ ಇವನ್ನು ಮಾಡಿದರೆ ಗರಡಿಯ ಕ್ರಮಕ್ಕೆ ಯಾವ ಭಂಗವೂ ಇಲ್ಲ. ಪೂರ್ತಿ ಎದ್ದು ಕೂರುವ ಹಳೆಯ ಸಿಟ್‌ಅಪ್‌ಗಿಂತ ಇವು ಡಿಸ್ಕ್‌ಗೆ ಹಗುರ.

ಬೆಳೆಯುವ ಹುಡುಗರ ವಿಷಯ ಬೇರೆ. ಬೆನ್ನನ್ನು ಪದೇ ಪದೇ ಹಿಂದಕ್ಕೆ ಬಾಗಿಸಿ ತಿರುಚುವ ಆಟಗಳಲ್ಲಿ ಹದಿಹರೆಯದವರ ಸೊಂಟದ ಐದನೆಯ ಮಣಿಯ ಹಿಂಬದಿಯ ತೆಳು ಭಾಗದಲ್ಲಿ ಬಿರುಕು ಬಿಡುವುದುಂಟು. ಹಿಂದಕ್ಕೆ ಬಾಗಿದಾಗ ಒಂದೇ ಬದಿಯಲ್ಲಿ ನೋವು ಬರುತ್ತಿದ್ದು ವಾರಗಳಾದರೂ ಹೋಗದಿದ್ದರೆ ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಅಖಾಡಕ್ಕೆ ಇಳಿಯುವಂತಿಲ್ಲ, ಮೂಳೆ ವೈದ್ಯರಿಗೆ ತೋರಿಸಬೇಕು. ಯಾವ ವಯಸ್ಸಿನವರಿಗೇ ಆಗಲಿ, ಕಾಲು ಜೋಮು ಹಿಡಿದು ಬಲ ಕುಂದಿದರೆ ಅಥವಾ ಮೂತ್ರದ ಹತೋಟಿ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.