ಎಲ್ಲೆಗಲ್ಲುಗಳ ಮೇಲಣ ಮುದ್ರೆಗಳು

ಕನ್ನಡನಾಡಿನ ಹಳ್ಳಿಗಳಲ್ಲಿ, ಹೊಲಗದ್ದೆಗಳ ಅಂಚಿನಲ್ಲಿ, ಅಕ್ಷರವಿಲ್ಲದ ಸಣ್ಣ ಕಲ್ಲುಗಳು ಅಲ್ಲಲ್ಲಿ ಕಾಣಸಿಗುತ್ತವೆ. ಕೆಲವುದರ ಮೇಲೆ ಲಿಂಗ, ಕೆಲವುದರ ಮೇಲೆ ಶಂಖಚಕ್ರ, ಮತ್ತೆ ಕೆಲವುದರ ಮೇಲೆ ಕೊಡೆ ಹಿಡಿದ ವಟುವಿನ ರೂಪ. ಬರೆಹವುಳ್ಳ ಕಲ್ಲು ಕಂಡೊಡನೆ ಪಡಿಯಚ್ಚು ತೆಗೆಯುವ ಶಾಸನಾಭ್ಯಾಸಿಯು ಇವುಗಳನ್ನು ದಾಟಿ ಮುಂದೆ ಹೋಗುವುದೇ ಹೆಚ್ಚು. ಇದು ಉಚಿತವೆಂದು ನಮಗೆ ತೋರುವುದಿಲ್ಲ. ದೇವಾಲಯದ ಮುಂದಣ ದಾನಶಾಸನವು ಓದಬಲ್ಲ ಕೆಲವರಿಗಾಗಿ ನಿಂತಿತ್ತು. ಎಲ್ಲೆಯ ಮುದ್ರೆಯಾದರೋ ನೇಗಿಲು ಹಿಡಿದವನಿಗಾಗಿ ನೆಟ್ಟ ಶಾಸನ.

ಭೂಮಿಯನ್ನು ಪಡೆದವರು ಯಾರೆಂಬುದನ್ನು ಮುದ್ರೆಯೇ ಸಾರುತ್ತಿತ್ತು. ಲಿಂಗಮುದ್ರೆಯಿದ್ದರೆ ಶಿವಾಲಯದ ಭೂಮಿ, ಶಂಖಚಕ್ರಗಳಿದ್ದರೆ ವಿಷ್ಣುಗೃಹದ್ದು, ಮುಕ್ಕೊಡೆಯಿದ್ದರೆ ಬಸದಿಯದು. ವಿಪ್ರರಿಗಿತ್ತ ಭೂಮಿಗೆ ವಾಮನಮುದ್ರೆ. ಈ ಕೊನೆಯದು ವಿಶೇಷ ವಿಚಾರಕ್ಕೆ ಅರ್ಹವಾದುದು. ಉಳಿದ ಮೂರೂ ಒಡೆತನದ ಗುರುತುಗಳು. ಇದು ಒಂದು ಕಥೆಯ ಗುರುತು. ಬಲಿಯಿಂದ ಮೂರಡಿ ಭೂಮಿಯನ್ನು ಬೇಡಿ ಪಡೆದ ವಟುವೇ ಭೂದಾನ ಸ್ವೀಕರಿಸಿದ ವಿಪ್ರರಿಗೆಲ್ಲ ಮಾದರಿ. ಅಳತೆಯೂ ಧಾರೆಯೂ ಆ ಕಥೆಯಲ್ಲಿಯೇ ಅಡಗಿವೆ. ಹಾಗಾದರೆ ದಾನಿಯಾದ ಅರಸನು ಬಲಿಯ ಸ್ಥಾನದಲ್ಲಿ ನಿಂತಂತಾಯಿತು. ಬಲಿಗೆ ಮುಂದೇನಾಯಿತೆಂಬುದನ್ನು ಯಾವ ಅರಸನೂ ನೆನೆದಂತೆ ಕಾಣದು! ವಿಜಯನಗರ, ಕೆಳದಿ ಅರಸರ ಕಾಲದ ದಾನಪತ್ರಗಳಲ್ಲಿ ನಾಲ್ಕು ಎಲ್ಲೆಗಳಿಗೂ ಮುದ್ರೆಯ ಕಲ್ಲು ನೆಡಿಸಿದ ಮಾತು ಮತ್ತೆ ಮತ್ತೆ ಬರುತ್ತದೆ.

ದಾನಶಾಸನದ ನೆತ್ತಿಯಲ್ಲಿ ಕಾಣುವ ಸೂರ್ಯಚಂದ್ರರ ಅರ್ಥವನ್ನು ಶಾಸನವೇ ಹೇಳುತ್ತದೆ: ದತ್ತಿಯು ಆಚಂದ್ರಾರ್ಕವಾಗಿ ನಡೆಯಬೇಕು. ‘ಸೂರ್ಯಚಂದ್ರರಿರುವ ತನಕ’ ಎಂದು ಹಳ್ಳಿಯ ಮುದುಕರು ಇಂದಿಗೂ ಆಡುವ ಮಾತಿಗೂ ಇದಕ್ಕೂ ಅಂತರವಿಲ್ಲ. ಕರುವಿಗೆ ಹಾಲೂಡುವ ಹಸುವಿನ ಅರ್ಥ ಅಷ್ಟು ನೇರವಲ್ಲ. ದತ್ತಿಯನ್ನು ಅಳಿಪಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವೆಂಬ ಶಾಪವನ್ನು ಚಿತ್ರಿಸುವುದೇ ಇದರ ಉದ್ದೇಶವೆನ್ನಬಹುದು. ಆದರೆ ಶಾಪವಾಕ್ಯದಲ್ಲಿ ಕರುವಿಲ್ಲ. ದತ್ತಿಯ ಫಲವನ್ನು ಉಣ್ಣುವವನ ಸಂಕೇತವಾಗಿ ಕಲ್ಕುಟಿಗನು ಕರುವನ್ನು ಸೇರಿಸಿರಬೇಕೆಂದು ನಮ್ಮ ಊಹೆ.

1954 ಮತ್ತು 1955ರ ಮೈಸೂರು ಇನಾಂ ರದ್ದಿಯಾತಿ ಕಾಯಿದೆಗಳು, ಹಳೆಯ ಮೈಸೂರು ಸೀಮೆಯಲ್ಲಿ ಅಲ್ಲಿಯವರೆಗೆ ಉಳಿದುಬಂದಿದ್ದ ಇಂತಹ ದತ್ತಿಗಳನ್ನು ಕೊನೆಗಾಣಿಸಿದವು. ಉಳುತ್ತಿದ್ದ ಗೇಣಿದಾರರಿಗೆ ಹಿಡುವಳಿಯ ಹಕ್ಕು ದೊರೆಯಲು ದಾರಿಯಾಯಿತು. ಸೂರ್ಯಚಂದ್ರರು ಉಳಿದರು, ದತ್ತಿ ಉಳಿಯಲಿಲ್ಲ. ಅದಕ್ಕೆ ಮರುಗಬೇಕಾದುದೇನೂ ಇಲ್ಲ. ಆದರೆ ಕಾಯಕ ತಪ್ಪಿದ ಮುದ್ರೆಯ ಗತಿ ಗಮನಾರ್ಹ. ವಾಮನಮುದ್ರೆಯ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗುವುದುಂಟು, ಕಾಲುವೆಯ ಮೇಲಣ ಹಾಸಾಗುವುದುಂಟು. ಲಿಂಗಮುದ್ರೆಯ ಕಲ್ಲಿಗೆ ಮಾತ್ರ ಅರಿಸಿನಕುಂಕುಮ ಏರುತ್ತದೆ. ಭಕ್ತರು ಅದನ್ನು ಹೊಲದಂಚಿನಿಂದ ಎತ್ತಿ ಊರ ಮುಂದಿನ ಅಶ್ವತ್ಥದ ಕಟ್ಟೆಗೆ ತಂದಿಡುತ್ತಾರೆ. ಪೂಜೆಯಿಂದ ಕಲ್ಲು ಉಳಿಯಿತು, ನಿಜ. ಆದರೆ ಅದು ಹೇಳುತ್ತಿದ್ದುದು ‘ಇದು ಶಿವನ ಭೂಮಿ’ ಎಂದಷ್ಟೇ ಅಲ್ಲ, ‘ಇಲ್ಲಿಗೆ ಮುಗಿಯಿತು’ ಎಂದೂ ಹೇಳುತ್ತಿತ್ತು. ಆ ಎರಡನೆಯ ಮಾತನ್ನು ಕಟ್ಟೆಯ ಮೇಲಿನ ಕಲ್ಲಿನಿಂದ ಓದಲು ಬಾರದು.