ಸ್ಪ್ಯಾನಿಷ್–ಇಂಗ್ಲಿಷ್ ನಿಘಂಟು ಆ್ಯಪ್

ಸ್ಪ್ಯಾನಿಷ್ ಹಾಗೂ ಇಂಗ್ಲಿಷ್ ಭಾಷೆಗಳ ಪದಗಳಿಗೆ ಪರಸ್ಪರ ಅರ್ಥವನ್ನೊದಗಿಸುವ ಕೋಶವನ್ನು ಮೊಬೈಲ್ ಫೋನಿನ ಬಳಕೆಗೆ ಅಳವಡಿಸಿರುವ ತಂತ್ರಾಂಶ. ಉಪಕರಣದ ದೃಷ್ಟಿಯಿಂದ ಇದು ಇಪ್ಪತ್ತೊಂದನೆಯ ಶತಮಾನದ ಸೃಷ್ಟಿಯಾದರೂ, ಇದರೊಳಗಿನ ಪದಸಂಚಯವು ನಾಲ್ಕು ಶತಮಾನಗಳಿಗೂ ಮಿಕ್ಕ ನಿಘಂಟು ಪರಂಪರೆಯಿಂದ ಬಂದುದು. ಮೊಬೈಲು ಪಲ್ಲಟಗೊಳಿಸಿದ್ದು ಮುಖ್ಯವಾಗಿ ಪದವನ್ನರಸುವ ಕ್ರಮವನ್ನು.

ಮುದ್ರಿತ ಕೋಶಗಳು: 1492ರಲ್ಲಿ ಆಂಟೋನಿಯೊ ದೆ ನೆಬ್ರಿಹಾ ಎಂಬ ವಿದ್ವಾಂಸನು ಸಾಲಮಾಂಕಾದಲ್ಲಿ ಪ್ರಕಟಿಸಿದ ಲ್ಯಾಟಿನ್–ಸ್ಪ್ಯಾನಿಷ್ ನಿಘಂಟು ಮುಂದಿನ ದ್ವಿಭಾಷಾ ಕೋಶಗಳಿಗೆ ದಾರಿಮಾಡಿತು. ಸ್ಪೇನಿನ ಮಹಾನೌಕಾಬಲವು ಇಂಗ್ಲೆಂಡಿನ ಮೇಲೆ ದಂಡೆತ್ತಿ ವಿಫಲವಾದ 1588ರ ತರುವಾಯ ಮೂರೇ ವರ್ಷಗಳಲ್ಲಿ, ಉಭಯ ರಾಜ್ಯಗಳ ಹಗೆತನವಿನ್ನೂ ಆರದಿದ್ದಾಗಲೇ, ರಿಚರ್ಡ್ ಪರ್ಸಿವಲನು ಲಂಡನ್ನಿನಲ್ಲಿ ವ್ಯಾಕರಣದೊಡನೆ ಸ್ಪ್ಯಾನಿಷ್ ಪದಗಳಿಗೆ ಇಂಗ್ಲಿಷ್ ಮತ್ತು ಲ್ಯಾಟಿನ್ ಅರ್ಥಗಳನ್ನಿತ್ತ ‘ಬಿಬ್ಲಿಯೊಥೆಕ ಹಿಸ್ಪಾನಿಕ’ವನ್ನು ಹೊರತಂದನು. ಅದು ಸ್ಪ್ಯಾನಿಷನ್ನು ಓದುವವನಿಗೆ ನೆರವಾಗುತ್ತಿದ್ದಿತೇ ಹೊರತು ಬರೆಯಬಯಸುವವನಿಗೆ ಅಷ್ಟಾಗಿ ಒದಗುತ್ತಿರಲಿಲ್ಲ. ಈ ಕೊರತೆಯನ್ನು ಜಾನ್ ಮಿನ್‌ಷ್ಯೂ 1599ರಲ್ಲಿ ಆ ಕೃತಿಯನ್ನೇ ವಿಸ್ತರಿಸಿ, ಇಂಗ್ಲಿಷ್–ಸ್ಪ್ಯಾನಿಷ್ ಭಾಗವನ್ನೂ ಕೂಡಿಸಿ ನೀಗಿದನು.

1713ರಲ್ಲಿ ಸ್ಥಾಪಿತವಾದ ಸ್ಪೇನಿನ ರಾಯಲ್ ಅಕಾಡೆಮಿಯು, ಗ್ರಂಥಕರ್ತರ ಪ್ರಯೋಗಗಳನ್ನು ಆಧಾರವಾಗಿ ನೀಡಿ 1726ರಿಂದ 1739ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ನಿಘಂಟು, ಅರ್ಥನಿರ್ಣಯಕ್ಕೆ ಪ್ರಮಾಣವಾಯಿತು. ಮೆಕ್ಸಿಕೊದ ವಿಶಾಲ ಭೂಭಾಗಗಳು 1848ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಶವಾಗಿ ಎರಡು ಭಾಷೆಗಳ ನೆರೆ ನಿಕಟವಾದ ಕಾಲದಲ್ಲಿ, ಮೆಕ್ಸಿಕೊ ನಗರದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಅಧ್ಯಾಪಕನಾಗಿದ್ದ ಮಾರಿಯಾನೊ ವೆಲಾಸ್ಕೆಸ್ ದೆ ಲಾ ಕಾದೇನನ ಕೋಶವು (1852) ಪ್ರಕಟವಾಗಿ, ಪರಿಷ್ಕರಣಗಳ ಮೂಲಕ ಇಪ್ಪತ್ತನೆಯ ಶತಮಾನದಲ್ಲಿಯೂ ಬಳಕೆಯಲ್ಲಿದ್ದಿತು. ಅನಂತರ ಬಂದ ಕಾಲಿನ್ಸ್ (1971) ಮತ್ತು ಆಕ್ಸ್‌ಫರ್ಡ್ (1994) ಕೋಶಗಳು ಸಮಕಾಲೀನ ಬಳಕೆಗೆ ಪ್ರಾಧಾನ್ಯವಿತ್ತವು.

ಅನುಕ್ರಮದಿಂದ ಅನ್ವೇಷಣೆಗೆ: ಮುದ್ರಿತ ಕೋಶದಲ್ಲಿ ಪದವನ್ನು ಕಾಣಲು ಓದುಗನು ಅಕ್ಷರಕ್ರಮವನ್ನು ಮೊದಲೇ ಅರಿತಿರಬೇಕಾಗಿದ್ದಿತು. ‘ಸಿಎಚ್’ ಮತ್ತು ‘ಎಲ್‌ಎಲ್’ ಜೋಡಿಗಳನ್ನು ಸ್ವತಂತ್ರಾಕ್ಷರಗಳೆಂದೆಣಿಸಿ ಪ್ರತ್ಯೇಕ ವಿಭಾಗಗಳಲ್ಲಿಡುವ ರೂಢಿಯನ್ನು ಸ್ಪ್ಯಾನಿಷ್ ಅಕಾಡೆಮಿಗಳ ಒಕ್ಕೂಟವು ಕೈಬಿಟ್ಟದ್ದು 1994ರಲ್ಲಿ. ಕ್ರಿಯಾಪದಗಳಾದರೋ ಮೂಲರೂಪದ ಅಡಿಯಲ್ಲಿ ಮಾತ್ರ ದೊರೆಯುತ್ತಿದ್ದುದರಿಂದ, ಕಾಲ–ಪುರುಷ–ವಚನಗಳಿಗೆ ತಕ್ಕಂತೆ ರೂಪಾಂತರ ಹೊಂದಿದ ಪದವನ್ನು ಪಠ್ಯದಲ್ಲಿ ಕಂಡ ವಿದ್ಯಾರ್ಥಿಯು ಅದರ ಧಾತುವನ್ನು ತಾನೇ ಊಹಿಸಬೇಕಾಗುತ್ತಿದ್ದಿತು.

1970ರ ದಶಕದ ಕೊನೆಗೆ ಬಂದ ಕಿಸೆಯಳತೆಯ ವಿದ್ಯುನ್ಮಾನ ಅನುವಾದಯಂತ್ರಗಳ ತರುವಾಯ, 1999ರಲ್ಲಿ ಆರಂಭವಾದ ವರ್ಡ್‌ರೆಫರೆನ್ಸ್ ಮೊದಲಾದ ಅಂತರಜಾಲ ಕೋಶಗಳು ಈ ಶ್ರಮವನ್ನು ಹಗುರಗೊಳಿಸಿದವು. 2008ರಲ್ಲಿ ಐಫೋನ್ ಹಾಗೂ ಆಂಡ್ರಾಯ್ಡ್‌ಗಳ ಆ್ಯಪ್ ಮಳಿಗೆಗಳು ತೆರೆದ ಮೇಲೆ ಕೋಶವು ಫೋನಿನಲ್ಲಿ ನೆಲೆಸಿತು.

ಕಾರ್ಯವಿಧಾನ: ಅಕ್ಷರಗಳನ್ನು ಒತ್ತುತ್ತಿರುವಂತೆಯೇ ಆ್ಯಪು ಸಂಭಾವ್ಯ ಪದಗಳನ್ನು ಸೂಚಿಸುತ್ತದೆ; ಸ್ವರಚಿಹ್ನೆಗಳನ್ನು ಬಿಟ್ಟು ಬರೆದರೂ ಸಾಮಾನ್ಯವಾಗಿ ಗುರುತಿಸುತ್ತದೆ; ರೂಪಾಂತರಗೊಂಡ ಕ್ರಿಯಾಪದವನ್ನು ಅದರ ಧಾತುವಿಗೆ ಜೋಡಿಸಿ ರೂಪಾವಳಿಯನ್ನು ಮುಂದಿಡುತ್ತದೆ. ನಾಮಪದಗಳ ಲಿಂಗ, ಉಚ್ಚಾರಣೆಯ ಧ್ವನಿ, ದೇಶಭೇದದ ಸೂಚನೆಗಳೂ ಹಲವು ಆ್ಯಪುಗಳಲ್ಲಿವೆ: ಮಧ್ಯಮಪುರುಷದ ‘ವೊಸ್’ ಅರ್ಜೆಂಟೀನದಲ್ಲಿಯೂ, ‘ವೊಸೊತ್ರೊಸ್’ ಸ್ಪೇನಿನಲ್ಲಿಯೂ ರೂಢಿಯಲ್ಲಿರುವುದರಿಂದ ಇಂಥ ಸೂಚನೆ ಕಲಿಯುವವನಿಗೆ ಅವಶ್ಯಕ. ಕೋಶವನ್ನು ಮುಂಚಿತವಾಗಿ ಇಳಿಸಿಕೊಂಡಿದ್ದರೆ, ಅಂತರಜಾಲವಿಲ್ಲದೆಡೆಯಲ್ಲಿಯೂ ಪ್ರಯಾಣಿಕನಿಗೆ ಅದು ಒದಗುತ್ತದೆ.

ಮಿತಿ: 2010ರ ಡಿಸೆಂಬರಿನಲ್ಲಿ ಐಫೋನಿಗೆ ಬಂದ ವರ್ಡ್ ಲೆನ್ಸ್ ಎಂಬ ಆ್ಯಪು, ಕ್ಯಾಮೆರಾಕ್ಕೆ ಹಿಡಿದ ಫಲಕದ ಬರಹವನ್ನು ತತ್‌ಕ್ಷಣ ಭಾಷಾಂತರಿಸಿ ತೋರಿಸುವ ವಿದ್ಯೆಯನ್ನು ಮೊದಲು ಪ್ರಯೋಗಿಸಿದ್ದು ಸ್ಪ್ಯಾನಿಷ್–ಇಂಗ್ಲಿಷ್ ಜೋಡಿಯ ಮೇಲೆಯೇ; ಗೂಗಲ್ ಅದನ್ನು 2014ರಲ್ಲಿ ಕೊಂಡು ಮರುವರ್ಷ ತನ್ನ ಅನುವಾದ ಆ್ಯಪಿನಲ್ಲಿ ಸೇರಿಸಿತು. ಆದರೆ ಅದು ಪದಕ್ಕೆ ಪದವನ್ನಿಡುತ್ತಿದ್ದುದರಿಂದ ವಾಕ್ಯಾನ್ವಯವು ಅನೇಕ ವೇಳೆ ಕೆಡುತ್ತಿದ್ದಿತು. ನಾನಾರ್ಥಗಳುಳ್ಳ ಪದವೊಂದರ ಪ್ರಕೃತಾರ್ಥವನ್ನು ನಿರ್ಣಯಿಸಲು, ನಿಘಂಟುಕಾರನು ಅರ್ಥಗಳನ್ನು ವಿಂಗಡಿಸಿ ನಿದರ್ಶನವಾಕ್ಯಗಳೊಡನೆ ಬರೆದ ಉಲ್ಲೇಖವನ್ನು ಓದಿ ಹೋಲಿಸುವ ಹಳೆಯ ಪದ್ಧತಿಯನ್ನೇ ಆ್ಯಪಿನಲ್ಲಿಯೂ ಅನುಸರಿಸಬೇಕಾಗುತ್ತದೆ.