ಸೆರೆನಿಟಿಗೆ ಮೊದಲು ಫೈರ್‌ಫ್ಲೈ ನೋಡಬೇಕೇ?

ಮೊನ್ನೆ ಊಟದ ಹೊತ್ತಿಗೆ ಆಫೀಸಿನ ಗೆಳೆಯನೊಬ್ಬ ಕೇಳಿದ: "ಸೆರೆನಿಟಿ ಸಿನೆಮಾ ಚೆನ್ನಾಗಿದೆ ಅಂತಾರಲ್ಲ, ಅದಕ್ಕೆ ಮುಂಚೆ ಆ ಅರ್ಧಕ್ಕೆ ನಿಂತ ಸೀರಿಯಲ್ಲನ್ನೂ ನೋಡಲೇಬೇಕಾ? ಹದಿನಾಲ್ಕು ಕಂತು ಯಾರು ನೋಡ್ತಾರೆ ಮಾರಾಯ!" ಬಾಯಲ್ಲಿ ಅನ್ನ ಇತ್ತು, ಇಲ್ಲದಿದ್ದರೆ ಅಲ್ಲೇ ಕೂಗಿಬಿಡ್ತಿದ್ದೆ. ಯಾಕಂದ್ರೆ ಆ ತಪ್ಪು ಮಾಡಿ ಅನುಭವಿಸಿದವನು ನಾನು.

ಇಂಜಿನಿಯರಿಂಗ್ ಓದುವಾಗಿನ ಕಥೆ. ಹಾಸ್ಟೆಲ್ಲಿನಲ್ಲಿ ಸೀನಿಯರ್ ಒಬ್ಬರ ಹಾರ್ಡ್ ಡಿಸ್ಕು ರೂಮಿಂದ ರೂಮಿಗೆ ತಿರುಗ್ತಾ ಇತ್ತು. "ಸೆರೆನಿಟಿಯಿಂದ ಶುರು ಮಾಡು" ಅಂದಿದ್ದರು. ಅವರು ಹೇಳಿದ್ದು ಫೈರ್‌ಫ್ಲೈ ಧಾರಾವಾಹಿಯ ಮೊದಲ ಕಂತಿನ ಬಗ್ಗೆ. ಆ ಕಂತಿನ ಹೆಸರೂ ಸೆರೆನಿಟಿ, ಆಮೇಲೆ ಬಂದ ಸಿನೆಮಾದ ಹೆಸರೂ ಸೆರೆನಿಟಿ, ಕಥೆಯಲ್ಲಿರುವ ಹಡಗಿನ ಹೆಸರೂ ಸೆರೆನಿಟಿ! ನಾನು ಒತ್ತಿದ್ದು ಸಿನೆಮಾವನ್ನು. ಅದರ ಕೊನೆಯ ಅರ್ಧ ಗಂಟೆಯಲ್ಲಿ ಒಂದು ಘಟನೆ ಬರುತ್ತೆ, ಏನು ಅಂತ ಹೇಳಲ್ಲ. ಸರಿಯಾಗಿ ಆ ಹೊತ್ತಿಗೆ ಮೆಸ್ಸಿಂದ ಬಂದ ರೂಮ್‌ಮೇಟು ಬಾಗಿಲಲ್ಲೇ ನಿಂತುಬಿಟ್ಟ. ಮುಖ ಸಪ್ಪಗಾಯ್ತು. "ಯಾಕೋ, ಏನಾಯ್ತೋ?" ಅಂದೆ. "ಅಯ್ಯೋ, ಇದನ್ನ ಮೊದಲು ನೋಡಿಬಿಟ್ಯಾ?" ಅಂದ. ಅವನಿಗೆ ಮನೆಯವರನ್ನೇ ಕಳೆದುಕೊಂಡ ಹಾಗಾಗಿತ್ತು. ನನಗೆ ಅದು ಬರೀ ಒಂದು ಸೀನು.

ಈ ವ್ಯತ್ಯಾಸ ಅರ್ಥವಾಗಬೇಕಾದರೆ ಫೈರ್‌ಫ್ಲೈ ಹೇಗೆ ಹುಟ್ಟಿತು, ಹೇಗೆ ಸತ್ತಿತು ಅನ್ನೋ ಚರಿತ್ರೆ ಗೊತ್ತಿರಬೇಕು.

ಇದನ್ನು ಸೃಷ್ಟಿಸಿದವರು ಜಾಸ್ ವೆಡನ್. ಅಮೆರಿಕದ ಅಂತರ್ಯುದ್ಧದಲ್ಲಿ 1863ರಲ್ಲಿ ನಡೆದ ಗೆಟಿಸ್‌ಬರ್ಗ್ ಕದನದ ಬಗ್ಗೆ ಮೈಕೆಲ್ ಶಾರಾ ಬರೆದ 'ದಿ ಕಿಲ್ಲರ್ ಏಂಜೆಲ್ಸ್' ಕಾದಂಬರಿ ಓದಿದಾಗ ಅವರಿಗೆ ಈ ಕಥೆ ಹೊಳೆಯಿತಂತೆ. ಯುದ್ಧ ಗೆದ್ದವರ ಕಥೆ ಎಲ್ಲರೂ ಹೇಳ್ತಾರೆ. ಸೋತವರು ಮಾರನೇ ದಿನದಿಂದ ಹೇಗೆ ಬದುಕ್ತಾರೆ? ಈ ಪ್ರಶ್ನೆಯನ್ನು ಅವರು ಎತ್ತಿಕೊಂಡು ಹೋಗಿ 2517ನೇ ಇಸವಿಯ ಅಂತರಿಕ್ಷದಲ್ಲಿಟ್ಟರು. ಗ್ರಹಗಳನ್ನೆಲ್ಲ ಒಂದೇ ಆಡಳಿತಕ್ಕೆ ತರಲು ಹೊರಟ ಅಲಯನ್ಸ್ ಒಂದು ಕಡೆ, ಅದನ್ನು ಎದುರಿಸಿ ಸೋತ ಬ್ರೌನ್‌ಕೋಟ್‌ಗಳು ಇನ್ನೊಂದು ಕಡೆ. ಸೋತ ಕಡೆಯ ಸೈನಿಕ ಮ್ಯಾಲ್ ರೆನಾಲ್ಡ್ಸ್ ಒಂದು ಹಳೇ ಸರಕು ನೌಕೆ ಕೊಂಡು, ತಾನು ಸೋತ ಕಣಿವೆಯ ಹೆಸರನ್ನೇ ಅದಕ್ಕಿಟ್ಟು, ಕಳ್ಳಸಾಗಣೆ ಮಾಡಿಕೊಂಡು ಹೊಟ್ಟೆ ಹೊರೀತಾನೆ. ಹಡಗಿನಲ್ಲಿ ಒಟ್ಟು ಒಂಬತ್ತು ಜನ. ಅನ್ಯಗ್ರಹ ಜೀವಿಗಳಿಲ್ಲ. ಅಂತರಿಕ್ಷದ ದೃಶ್ಯಗಳಲ್ಲಿ ಸ್ಫೋಟಕ್ಕೂ ಸದ್ದಿಲ್ಲ, ಗಾಳಿಯೇ ಇಲ್ಲದ ಕಡೆ ಸದ್ದೆಲ್ಲಿಂದ ಬರಬೇಕು? ಭೌತಶಾಸ್ತ್ರ ಓದಿದವರಿಗೆ ಅಷ್ಟೇ ಸಾಕು, ಕೈ ಮುಗೀಬಹುದು :-)

ಎರಡು ಗಂಟೆಯ ಮೊದಲ ಕಂತು ಶುರುವಾಗೋದೇ ಆ ಕಣಿವೆಯ ಯುದ್ಧದಿಂದ. ಗುಂಡುಗಳ ನಡುವೆ ಮ್ಯಾಲ್ ಕೊರಳಲ್ಲಿದ್ದ ಶಿಲುಬೆಗೆ ಮುತ್ತಿಡ್ತಾನೆ. ಆಮೇಲೆ ಸೋಲು. ಅಲ್ಲಿಂದ ಮುಂದೆ ಅವನಿಗೆ ದೇವರೂ ಬೇಡ, ಧ್ಯೇಯವೂ ಬೇಡ.

ಪ್ರಸಾರ ಮಾಡಬೇಕಿದ್ದ ಫಾಕ್ಸ್ ಚಾನೆಲ್ಲಿಗೆ ಈ ಕಂತು ಹಿಡಿಸಲಿಲ್ಲ. ಇನ್ನಷ್ಟು ಹೊಡೆದಾಟ ಬೇಕು, ಹೊಸದಾಗಿ ಒಂದು ಮೊದಲ ಕಂತು ಕೊಡಿ ಅಂದರು. ವೆಡನ್ ಮತ್ತು ಟಿಮ್ ಮಿನಿಯರ್ ಒಂದೇ ವಾರಾಂತ್ಯದಲ್ಲಿ ಕೂತು 'ದಿ ಟ್ರೇನ್ ಜಾಬ್' ಬರೆದರು. 2002ರ ಸೆಪ್ಟೆಂಬರ್ 20ರ ಶುಕ್ರವಾರ ರಾತ್ರಿ ಅಮೆರಿಕದ ಜನ ಮೊದಲು ನೋಡಿದ್ದು ಇದನ್ನ. ಆಮೇಲೂ ಕಂತುಗಳು ಹಿಂದುಮುಂದಾದವು. ಒಬ್ಬೊಬ್ಬರೂ ಹಡಗಿಗೆ ಹೇಗೆ ಬಂದು ಸೇರಿದರು ಅಂತ ಹೇಳುವ 'ಔಟ್ ಆಫ್ ಗ್ಯಾಸ್' ಎಂಟನೆಯದಾಗಿ ಬರಬೇಕಿತ್ತು, ಐದನೆಯದಾಗಿ ಬಂತು. ನಿಜವಾದ ಮೊದಲ ಕಂತು ಪ್ರಸಾರವಾದದ್ದು ಕಟ್ಟಕಡೆಗೆ, ಡಿಸೆಂಬರ್ 20ಕ್ಕೆ. ಆ ಹೊತ್ತಿಗೆ ಧಾರಾವಾಹಿ ರದ್ದಾಗಿತ್ತು! ಪೀಠಿಕೆಯನ್ನು ತಿಥಿಯ ದಿನ ಓದಿದ ಹಾಗೆ. ತಯಾರಾದ 14 ಕಂತುಗಳಲ್ಲಿ ಆ ಮೂರು ತಿಂಗಳಲ್ಲಿ ಹೊರಬಂದದ್ದು 11. ಸರಾಸರಿ ಸುಮಾರು 47 ಲಕ್ಷ ಜನ ನೋಡ್ತಿದ್ದರು, ಆ ಕಾಲದ ಫಾಕ್ಸಿಗೆ ಅದು ಏನೇನೂ ಅಲ್ಲ.

ಕಥೆ ಅಲ್ಲಿಗೆ ಮುಗೀಬೇಕಿತ್ತು. ಆದರೆ ಅಭಿಮಾನಿಗಳು ತಮ್ಮನ್ನೇ ಬ್ರೌನ್‌ಕೋಟ್ಸ್ ಅಂತ ಕರೆದುಕೊಂಡರು. ಬೇರೆ ಚಾನೆಲ್ಲುಗಳಿಗೆ ಪೋಸ್ಟ್‌ಕಾರ್ಡ್ ಬರೆದರು, ದುಡ್ಡು ಕೂಡಿಸಿ 'ವೆರೈಟಿ' ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದರು. 2003ರ ಡಿಸೆಂಬರ್‌ನಲ್ಲಿ 14 ಕಂತುಗಳೂ ಸರಿಯಾದ ಕ್ರಮದಲ್ಲಿ ಡಿವಿಡಿಯಾಗಿ ಬಂದವು, ಚೆನ್ನಾಗಿ ಖರ್ಚಾದವು. ಅದೇ ನಟರು, ಅದೇ ಕಥೆ. ಟೀವಿಯಲ್ಲಿ ಮುಗ್ಗರಿಸಿದ್ದು ಡಿವಿಡಿಯಲ್ಲಿ ಗೆದ್ದಿತು. ಕ್ರಮ ಒಂದೇ ಕಾರಣ ಅನ್ನಲಾರೆ, ಶುಕ್ರವಾರ ರಾತ್ರಿ ಅನ್ನೋದೂ ಸೀರಿಯಲ್ಲುಗಳಿಗೆ ಒಳ್ಳೆ ಹೊತ್ತಲ್ಲ. ಆದರೆ ಕ್ರಮದ ಪಾಲು ಸಣ್ಣದಲ್ಲ.

ಕೊನೆಗೆ ಯೂನಿವರ್ಸಲ್ ಸಂಸ್ಥೆಯ ಮೇರಿ ಪೇರೆಂಟ್ ಇದನ್ನು ಸಿನೆಮಾ ಮಾಡಲು ಒಪ್ಪಿದರು. ವೆಡನ್ ಅವರೇ ಬರೆದು ನಿರ್ದೇಶಿಸಿದ ಸೆರೆನಿಟಿ 2005ರ ಸೆಪ್ಟೆಂಬರ್ 30ಕ್ಕೆ ಅಮೆರಿಕದಲ್ಲಿ ಬಿಡುಗಡೆಯಾಯ್ತು.

ಈಗ ಎದುರುವಾದಕ್ಕೆ ಬರೋಣ. ಗೆಳೆಯ ಹೇಳಿದ್ದು ಪೂರ್ತಿ ತಪ್ಪಲ್ಲ. ಸೀರಿಯಲ್ ನೋಡಿದ ಅಷ್ಟು ಜನರನ್ನೇ ನಂಬಿಕೊಂಡರೆ ಸುಮಾರು 4 ಕೋಟಿ ಡಾಲರ್ ಹಾಕಿದ ಸಿನೆಮಾ ಗಿಟ್ಟೋದಿಲ್ಲ. ಹಾಗಾಗಿ ಹೊಸಬರಿಗೂ ಅರ್ಥವಾಗುವಂತೆ ಕಟ್ಟಿದ್ದಾರೆ. ಮೊದಲ ಹತ್ತು ನಿಮಿಷದಲ್ಲೇ ಇಡೀ ಜಗತ್ತಿನ ಪರಿಚಯ, ಆಮೇಲೆ ಕ್ಯಾಮೆರಾ ಒಂದೇ ಓಟದಲ್ಲಿ ಹಡಗಿನ ತುಂಬ ಓಡಾಡಿ ಜನರನ್ನೆಲ್ಲ ತೋರಿಸುತ್ತೆ. ಇದಕ್ಕಾಗಿ ಹಳೇ ಕಥೆಯನ್ನು ತಿದ್ದಿಯೂ ಇದ್ದಾರೆ: ಡಾಕ್ಟರ್ ಸೈಮನ್ ತನ್ನ ತಂಗಿ ರಿವರ್‌ಳನ್ನು ಬಿಡಿಸಲು ಬೇರೆಯವರಿಗೆ ದುಡ್ಡು ಕೊಟ್ಟೆ ಅಂತ ಸೀರಿಯಲ್ಲಿನಲ್ಲಿ ಹೇಳಿದರೆ, ಸಿನೆಮಾದಲ್ಲಿ ತಾನೇ ವೇಷ ಹಾಕಿಕೊಂಡು ನುಗ್ತಾನೆ. ಕಥೆ ತಿಳಿಯೋದಷ್ಟೇ ಮುಖ್ಯವಾದರೆ ಸಿನೆಮಾ ಒಂದೇ ಸಾಕು.

ಆದರೆ ಹಡಗಿನಲ್ಲಿದ್ದ ಇನಾರಾ ಮತ್ತು ಪಾದ್ರಿ ಬುಕ್ ಸಿನೆಮಾ ಶುರುವಾಗುವಾಗಲೇ ಹಡಗು ಬಿಟ್ಟುಹೋಗಿರ್ತಾರೆ. ಹೊಸಬರಿಗೆ ಅದು ಒಂದು ಮಾಹಿತಿ, ಹಳಬರಿಗೆ ಖಾಲಿಯಾದ ಕುರ್ಚಿ. ಯಾವುದರಲ್ಲಾದರೂ ಸರಿ, ನಂಬಿಕೆ ಇಟ್ಟುಕೋ ಅಂತ ಆ ಪಾದ್ರಿ ಮ್ಯಾಲ್‌ಗೆ ಹೇಳೋದು ಸಿನೆಮಾದ ನಡುಗಂಬ. ಕಣಿವೆಯಲ್ಲಿ ಶಿಲುಬೆಗೆ ಮುತ್ತಿಟ್ಟವನನ್ನು ನೋಡಿರದಿದ್ದರೆ ಅದು ಬರೀ ಉಪದೇಶದ ಹಾಗೆ ಕೇಳುತ್ತೆ. ಸೋತವನು ಹೇಗೆ ಬದುಕ್ತಾನೆ ಅಂತ ಸೀರಿಯಲ್ ಕೇಳಿದರೆ, ಅವನು ಮತ್ತೆ ಯಾಕೆ ಎದ್ದು ನಿಲ್ತಾನೆ ಅಂತ ಸಿನೆಮಾ ಹೇಳುತ್ತೆ. ಪ್ರಶ್ನೆಯೇ ಕೇಳದವನಿಗೆ ಉತ್ತರ ಕೊಟ್ಟರೆ ಏನು ಪ್ರಯೋಜನ?

ಫೈರ್‌ಫ್ಲೈ ದೋಷವಿಲ್ಲದ್ದು ಅಂತ ನಾನು ಹೇಳ್ತಿಲ್ಲ. ಚೀನೀ ಸಂಸ್ಕೃತಿ ಎಲ್ಲೆಡೆ ಬೆರೆತ ಭವಿಷ್ಯ ಅದು, ಪಾತ್ರಗಳು ಬೈಯೋದೂ ಚೀನೀ ಭಾಷೆಯಲ್ಲೇ. ಆದರೆ ಆ ಒಂಬತ್ತು ಜನರಲ್ಲಿ ಚೀನೀ ಮೂಲದ ನಟ ಒಬ್ಬರೂ ಇಲ್ಲ. ನಿಜವಾದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದವರು ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದವರು. ಆ ಕಳಂಕವನ್ನು ಒರೆಸಿ, ಸೋಲಿನ ನೋವನ್ನಷ್ಟೇ ಇಲ್ಲಿ ತಂದಿದ್ದಾರೆ. ನೋಡುವಾಗ ಇದೂ ತಲೆಯಲ್ಲಿರಲಿ.

ಸಿನೆಮಾ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 4 ಕೋಟಿ ಡಾಲರ್, ಹಾಕಿದ್ದಕ್ಕೂ ಬಂದದ್ದಕ್ಕೂ ಹೆಚ್ಚುಕಮ್ಮಿ ಸಮ. ಥಿಯೇಟರಿನವರ ಪಾಲು, ಪ್ರಚಾರದ ಖರ್ಚು ಕಳೆದರೆ ನಷ್ಟವೇ. ಮುಂದಿನ ಭಾಗ ಬರಲಿಲ್ಲ. ಆದರೂ 2006ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. 2007ರಲ್ಲಿ ಗಗನಯಾತ್ರಿ ಸ್ಟೀವನ್ ಸ್ವಾನ್ಸನ್ ಫೈರ್‌ಫ್ಲೈ, ಸೆರೆನಿಟಿ ಎರಡರ ಡಿವಿಡಿಗಳನ್ನೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ದರು.

ಸಿನೆಮಾ ಆದಮೇಲೆ ನಾನೂ 14 ಕಂತು ನೋಡಿದೆ. ತುಂಬಾ ಇಷ್ಟವಾಯ್ತು. ಆದರೆ ಯಾರಿಗೆ ಏನಾಗುತ್ತೆ ಅಂತ ಗೊತ್ತಿದ್ದರಿಂದ ಅವರು ತೆರೆಗೆ ಬಂದಾಗಲೆಲ್ಲ ಮನಸ್ಸು ಹಿಂಜರೀತಿತ್ತು. ರೂಮ್‌ಮೇಟಿಗೆ ಸಿಕ್ಕಿದ್ದು ನನಗೆ ಇನ್ನು ಸಿಗೋದಿಲ್ಲ. ಒಂದು ಸಲ ನೋಡಿದ್ದನ್ನು ನೋಡೇ ಇಲ್ಲ ಅಂತ ಮಾಡೋಕಾಗಲ್ಲವಲ್ಲ. ಫಾಕ್ಸ್‌ನವರು ದೇಶಕ್ಕೆಲ್ಲ ಮಾಡಿದ ತಪ್ಪನ್ನು ನಾನು ರೂಮಲ್ಲಿ ಕೂತು ನನಗೇ ಮಾಡಿಕೊಂಡಿದ್ದೆ.

ಅದಕ್ಕೇ ಗೆಳೆಯನಿಗೆ ಪಟ್ಟಿ ಬರೆದುಕೊಟ್ಟಿದ್ದೇನೆ: 14 ಕಂತು, ಹದಿನೈದನೆಯದು ಸಿನೆಮಾ. ಸೀರಿಯಲ್ ಒಟ್ಟು ಸುಮಾರು 11 ಗಂಟೆ, ಎರಡು ಶನಿವಾರ-ಭಾನುವಾರದ ಕೆಲಸ. ಪಟ್ಟಿಯ ಮೊದಲ ಹೆಸರೂ ಸೆರೆನಿಟಿ, ಕೊನೆಯ ಹೆಸರೂ ಸೆರೆನಿಟಿ. ಮೊದಲನೆಯದರ ಪಕ್ಕ ಕೆಂಪು ಪೆನ್ನಲ್ಲಿ 'ಇದು ಸಿನೆಮಾ ಅಲ್ಲ' ಅಂತ ಬರೆದು ಎರಡು ಗೆರೆ ಎಳೆದಿದ್ದೇನೆ.